ಹೊಸ ಬುಷ್ ಆರೇ ತಿಂಗಳಿಗೆ ಹರಿದರೆ: ಮುಂದಿನ ಲೋವರ್ ಆರ್ಮ್ ದೋಷ ಹುಡುಕುವ ಬಗೆ

ಬ್ರೇಕ್ ಒತ್ತಿದ ಕೂಡಲೇ ಕಾಲ ಕೆಳಗೆ ಒಂದೇ ಒಂದು ಸಲ 'ಧಡ್'. ಮತ್ತೆ ಸದ್ದಿಲ್ಲ. ಸಿಗ್ನಲ್ ಬಿಟ್ಟು ಹೊರಡುವಾಗ ಇನ್ನೊಂದು 'ಧಡ್'. ಈ ಸದ್ದು ಕೇಳಿದ ಎಷ್ಟೋ ಜನ ಮೊದಲು ಶಾಕ್ ಅಬ್ಸಾರ್ಬರ್ ಬದಲಿಸುತ್ತಾರೆ. ದುಡ್ಡು ಹೋಗುತ್ತದೆ, ಸದ್ದು ಅಲ್ಲೇ ಇರುತ್ತದೆ.

ನನ್ನದು ಹತ್ತು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ತಿಂಗಳಿಗೆ ಎರಡು ಸಲವಾದರೂ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕೆಲಸ ಜಾಸ್ತಿ, ಮಳೆಗಾಲದಲ್ಲಿ ಗುಂಡಿಗಳೂ ಜಾಸ್ತಿ. 92,000 ಕಿಲೋಮೀಟರ್ ಆದಾಗ ಈ ಸದ್ದು ಶುರುವಾಯಿತು. ಒಂದು ಗ್ಯಾರೇಜಿನಲ್ಲಿ ಎರಡೂ ಕಡೆಯ ಲೋವರ್ ಆರ್ಮ್‌ಗಳನ್ನು, ಅಂದರೆ ಮುಂದಿನ ಚಕ್ರಗಳನ್ನು ಕೆಳಗಿನಿಂದ ಹಿಡಿದಿಡುವ ತೋಳುಗಳನ್ನು, ಅವುಗಳ ರಬ್ಬರ್ ಬುಷ್ ಸಮೇತ ಹೊಸದು ಹಾಕಿಸಿದೆ. ಕಾರು ಹೊಸದರ ಹಾಗೆ ಓಡಿತು. ಆರು ತಿಂಗಳು, ಸುಮಾರು 7,000 ಕಿ.ಮೀ. ಕಳೆದ ಮೇಲೆ ಅದೇ 'ಧಡ್' ವಾಪಸ್ ಬಂತು.

ಸಾಮಾನು ಸರಿ ಇಲ್ಲ ಎಂದರು ಗ್ಯಾರೇಜಿನವರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕಾರಿನ ಕೆಳಗೆ ಮಲಗಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಎಡಗಡೆ ಬುಷ್ ಎಲ್ಲಿ ಹರಿದಿತ್ತೋ ಬಲಗಡೆಯದೂ ಅಲ್ಲೇ ಹರಿದಿತ್ತು. ಕನ್ನಡಿಯಲ್ಲಿ ನೋಡಿದ ಹಾಗೆ. ಕೆಟ್ಟ ಸಾಮಾನು ಇಷ್ಟು ಲೆಕ್ಕಾಚಾರವಾಗಿ ಎರಡೂ ಕಡೆ ಒಂದೇ ಥರ ಹರಿಯುವುದಿಲ್ಲ. ಕೂರಿಸುವಾಗಲೇ ಏನೋ ಆಗಿದೆ ಎಂದು ಅನಿಸಿದ್ದು ಆವಾಗ. ಏನಾಗಿತ್ತು, ಹೇಗೆ ಗೊತ್ತಾಯಿತು, ನಿಮ್ಮ ಕಾರಿನಲ್ಲಿ ಅದನ್ನು ಹುಡುಕುವುದು ಹೇಗೆ ಎಂದು ಬರೆಯುತ್ತಿದ್ದೇನೆ. ಆರ್ಮ್ ಅಪ್‌ಗ್ರೇಡ್ ಮಾಡಿಸಬೇಕು ಅಂತ ಇರುವವರು ಸಾಮಾನು ಕೊಳ್ಳುವ ಮೊದಲು ಓದಿದರೆ ಒಳ್ಳೆಯದು.

ಆರ್ಮ್ ಮಾಡುವ ಕೆಲಸ

ಇವತ್ತಿನ ಸಣ್ಣ ಕಾರುಗಳ ಮುಂಭಾಗದಲ್ಲಿ ಹೆಚ್ಚಾಗಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಂದೇ ಕಂಬದಲ್ಲಿ ಸೇರಿರುವ ಜೋಡಣೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರ್ ರೂಪಿಸಿದ ಈ ಜೋಡಣೆ 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಮತ್ತು ಝೆಫಿರ್ ಕಾರುಗಳಲ್ಲಿ ಬಂತು. ಇದರಲ್ಲಿ ಕಾರಿನ ಭಾರವನ್ನು ಸ್ಪ್ರಿಂಗ್ ಮತ್ತು ಸ್ಟ್ರಟ್ ಹೊರುತ್ತವೆ. ಕೆಳಗಿನ ಆರ್ಮ್‌ನ ಕೆಲಸ ಬೇರೆ. ಚಕ್ರ ಹಿಂದೆ ಮುಂದೆ ಹೋಗದಂತೆ, ಒಳಗೆ ಹೊರಗೆ ಸರಿಯದಂತೆ ಹಿಡಿದಿಡುವುದು. ಮೇಲೆ ಕೆಳಗೆ ಮಾತ್ರ ಆಡಲು ಬಿಡುವುದು.

ಆರ್ಮ್‌ನ ಹೊರತುದಿಯಲ್ಲಿ, ಚಕ್ರದ ಕಡೆ, ಬಾಲ್ ಜಾಯಿಂಟ್ ಎಂಬ ಗುಂಡಿನ ಕೀಲು. ಒಳಗಡೆ, ಸಬ್‌ಫ್ರೇಮ್‌ಗೆ (ಕಾರಿನ ಮುಂಭಾಗದ ಕೆಳಗಿನ ಉಕ್ಕಿನ ಚೌಕಟ್ಟು) ಸೇರುವಲ್ಲಿ, ಎರಡು ರಬ್ಬರ್ ಬುಷ್. ಮುಂದಿನದು ಚಿಕ್ಕದು, ಗಟ್ಟಿ. ತಿರುವಿನಲ್ಲಿ ಬರುವ ಅಡ್ಡ ಒತ್ತಡವನ್ನು ಹೆಚ್ಚಾಗಿ ಅದೇ ತಡೆಯುತ್ತದೆ. ಹಿಂದಿನದು ದೊಡ್ಡದು, ಮೆತ್ತಗೆ. ಅದರ ರಬ್ಬರ್ ನಡುವೆ ಬೇಕೆಂದೇ ಖಾಲಿ ಜಾಗ ಬಿಟ್ಟಿರುತ್ತಾರೆ. ಗುಂಡಿಗೆ ಬಿದ್ದಾಗ ಚಕ್ರ ಒಂದೆರಡು ಮಿಲಿಮೀಟರ್ ಹಿಂದೆ ಸರಿದು ಹೊಡೆತ ನುಂಗುವುದು ಆ ಖಾಲಿ ಜಾಗದಿಂದಲೇ. ಅದನ್ನು ನೋಡಿ "ಬುಷ್ ಹರಿದಿದೆ" ಎಂದು ಹೆದರಬೇಡಿ.

ಬುಷ್ ಅಂದರೆ ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಕಾಯಿಸಿ ಅಂಟಿಸಿದ ರಬ್ಬರ್. ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ಬೋಲ್ಟ್ ಬಿಗಿದ ಮೇಲೆ ಒಳಗಿನ ಕೊಳವೆ ಒಂದಿಷ್ಟೂ ತಿರುಗುವುದಿಲ್ಲ. ಬ್ರಾಕೆಟ್ ಅದನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿದಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಬಾಗಿಲಿನ ಕೀಲಿನಂತೆ ಲೋಹ ಲೋಹದ ಮೇಲೆ ತಿರುಗುತ್ತದೆ ಎಂದುಕೊಂಡವರು ತುಂಬಾ ಜನ. ಅಂಬಾಸಿಡರ್ ಕಾಲದ ಅಭ್ಯಾಸದಲ್ಲಿ ಅದಕ್ಕೆ ಗ್ರೀಸ್ ಹಚ್ಚುವವರೂ ಇದ್ದಾರೆ. ಈ ಬುಷ್‌ಗೆ ಗ್ರೀಸ್ ಬೇಡ. ಮಾಮೂಲಿ ಗ್ರೀಸ್ ರಬ್ಬರನ್ನೇ ತಿನ್ನುತ್ತದೆ.

ಮಾರುತಿ 800 ಅಥವಾ ಹಳೆಯ ಆಲ್ಟೊ ಇದ್ದವರಿಗೆ ಒಂದು ಮಾತು. ಅವುಗಳಲ್ಲಿ ಕೆಳಗಿನ ಆರ್ಮ್‌ಗೆ ಒಳಗಡೆ ಒಂದೇ ಬುಷ್. ಹಿಂದೆ ಮುಂದೆ ಹಿಡಿಯುವ ಕೆಲಸವನ್ನು ಎಡಬಲದ ಚಕ್ರಗಳನ್ನು ಜೋಡಿಸುವ ಉಕ್ಕಿನ ಕಂಬಿ, ಅಂದರೆ ಸ್ಟೆಬಿಲೈಜರ್ ಬಾರ್ ಮಾಡುತ್ತದೆ. ಹಾಗಾಗಿ ಅಂಥ ಕಾರಿನಲ್ಲಿ ಬ್ರೇಕಿಗೆ 'ಧಡ್' ಅಂದರೆ ಮೊದಲು ಆ ಬಾರ್‌ನ ರಬ್ಬರ್‌ಗಳನ್ನೇ ನೋಡಿ.

ಸದ್ದು ಯಾವಾಗ ಬರುತ್ತದೆ?

ಎಲ್ಲಿಂದ ಬರುತ್ತದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎಂದು ಗಮನಿಸಿ. ಲೋಹದಲ್ಲಿ ಸದ್ದು ಹರಿದು ಹೋಗುತ್ತದೆ. ಎಡಗಡೆಯ ದೋಷ ಬಲಗಡೆ ಕೇಳಿಸುವುದು ಮಾಮೂಲು. ಆದರೆ ಸದ್ದು ಬರುವ ಹೊತ್ತು ಮೋಸ ಮಾಡುವುದು ಕಡಿಮೆ.

ನಿಧಾನಕ್ಕೆ ಹೋಗುವಾಗ ಸಣ್ಣ ಸಣ್ಣ ಏರುತಗ್ಗಿಗೆ 'ಟಕ ಟಕ ಟಕ' ಎಂದರೆ ಹತ್ತರಲ್ಲಿ ಏಳೆಂಟು ಸಲ ಅದು ಸ್ಟೆಬಿಲೈಜರ್ ಲಿಂಕ್ ರಾಡ್. ಇದು ನನ್ನ ಅನುಭವದ ಲೆಕ್ಕ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಹತ್ತಿದಾಗ ಸುಮ್ಮನಿದ್ದು, ಒಂದೇ ಚಕ್ರ ಗುಂಡಿಗೆ ಇಳಿದಾಗ ಸದ್ದು ಮಾಡಿದರೆ ಅನುಮಾನ ಇನ್ನೂ ಗಟ್ಟಿ. ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ 'ಟಂಯ್' ಎಂದು ಸ್ಪ್ರಿಂಗ್ ಬಿಟ್ಟ ಹಾಗೆ ಕೇಳಿಸಿದರೆ ಸ್ಟ್ರಟ್ ಮೇಲಿನ ಮೌಂಟ್ ಅಥವಾ ಅದರ ಬೇರಿಂಗ್. ಪೂರ್ತಿ ಸ್ಟೇರಿಂಗ್ ತಿರುಗಿಸಿ ಹೊರಡುವಾಗ 'ಕಟಕಟಕಟ' ಎಂದರೆ ಇಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್‌ನ ಹೊರ ಜಾಯಿಂಟ್. ಹಳೆಯ ಬಾಗಿಲು ತೆರೆದಂತೆ 'ಕಿರ್‌ರ್' ಎಂದು ಎಳೆದರೆ ಒಣಗಿದ ಬಾಲ್ ಜಾಯಿಂಟ್ ಇರಬಹುದು. ಸಾಯುತ್ತಿರುವ ಬುಷ್ ಕೂಡ ಹೀಗೆ ಕಿರುಗುಟ್ಟುತ್ತದೆ.

ಲೋವರ್ ಆರ್ಮ್ ಬುಷ್‌ನ ಸದ್ದು ಇವ್ಯಾವುದರ ಹಾಗೂ ಇಲ್ಲ. ಭಾರವಾಗಿರುತ್ತದೆ, ಒಂದೇ ಸಲ ಬರುತ್ತದೆ, ಎಳೆತದ ದಿಕ್ಕು ಬದಲಾದಾಗ ಬರುತ್ತದೆ. ಮುಂದೆ ಹೋಗುತ್ತಿದ್ದ ಕಾರಿಗೆ ಬ್ರೇಕ್ ಹಾಕಿದಾಗ ಬರುತ್ತದೆ, ರಿವರ್ಸ್‌ಗೆ ಹೋಗಿ ನಿಲ್ಲಿಸಿದಾಗ ಬರುತ್ತದೆ. ಬುಷ್ ಹರಿದ ಜಾಗದಷ್ಟು ಆರ್ಮ್ ಓಡಿಹೋಗಿ ಗುದ್ದುವ ಸದ್ದು ಅದು.

ಸದ್ದಿನ ಜೊತೆಗೆ ಬೇರೆ ಲಕ್ಷಣಗಳೂ ಇರುತ್ತವೆ. ಬ್ರೇಕ್ ಹಾಕಿದಾಗ ಸ್ಟೇರಿಂಗ್ ಒಂದು ಕಡೆಗೆ ಎಳೆದು, ಬ್ರೇಕ್ ಬಿಟ್ಟರೆ ಇನ್ನೊಂದು ಕಡೆಗೆ ಹೋಗುತ್ತದೆ. ಟಯರ್‌ನ ಒಳ ಅಂಚು ಮಾತ್ರ ಸವೆಯುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸಿದ ಹದಿನೈದೇ ದಿನಕ್ಕೆ ಮತ್ತೆ ಹಾಳಾಗುತ್ತದೆ. ಅಲೈನ್‌ಮೆಂಟ್ ನಿಲ್ಲುತ್ತಿಲ್ಲ ಎನ್ನುವವರಿಗೆ ನಾನು ಮೊದಲು ಕೇಳುವುದೇ ಬುಷ್ ನೋಡಿದ್ದೀರಾ ಎಂದು. ಬುಷ್ ಸಡಿಲವಿದ್ದಾಗ ನಿಂತ ಕಾರಿನ ಅಳತೆ ಒಂದು, ಓಡುವ ಕಾರಿನ ಅಳತೆ ಇನ್ನೊಂದು. ಮೆಷಿನ್ ನೋಡುವುದು ನಿಂತ ಕಾರನ್ನು ಮಾತ್ರ, ಅಲ್ವಾ?

ಖಾಲಿ ಮೈದಾನದಲ್ಲಿ ಐದು ನಿಮಿಷ

ಜನ ಇಲ್ಲದ, ಸಮತಟ್ಟಾದ ಜಾಗ ಹುಡುಕಿ. ಕಿಟಕಿ ಇಳಿಸಿ, ಎಸಿ ಮತ್ತು ಹಾಡು ಆಫ್ ಮಾಡಿ. ನಡೆಯುವಷ್ಟು ನಿಧಾನಕ್ಕೆ, ಅಂದರೆ ಐದಾರು ಕಿ.ಮೀ. ವೇಗದಲ್ಲಿ ಮುಂದೆ ಹೋಗಿ ಸ್ವಲ್ಪ ಗಟ್ಟಿಯಾಗಿ ಬ್ರೇಕ್ ಹಾಕಿ. ಆಮೇಲೆ ರಿವರ್ಸ್, ಮತ್ತೆ ಬ್ರೇಕ್. ಹೀಗೆ ನಾಲ್ಕೈದು ಸಲ.

ಈ ಪರೀಕ್ಷೆಯಲ್ಲಿ ಎರಡು ಕಡೆ ದಾರಿ ತಪ್ಪಬಹುದು. ಮೊದಲನೆಯದು ಇಂಜಿನ್ ಮೌಂಟ್. ಅದು ಹೋದರೂ 'ಧಡ್' ಎನ್ನುತ್ತದೆ. ಬೇರೆ ಮಾಡಿ ನೋಡುವುದು ಸುಲಭ. ಕ್ಲಚ್ ಪೂರ್ತಿ ಒತ್ತಿಕೊಂಡೇ ಬ್ರೇಕ್ ಹಾಕಿ. ಆಗ ಇಂಜಿನ್‌ಗೂ ಚಕ್ರಕ್ಕೂ ಸಂಬಂಧ ಇರುವುದಿಲ್ಲ. ಆದರೂ ಸದ್ದು ಬಂದರೆ ಸಸ್ಪೆನ್ಷನ್ ಕಡೆ ನೋಡಿ. ಕ್ಲಚ್ ಬಿಡುವಾಗ, ಇಂಜಿನ್ ಎಳೆಯಲು ಶುರುಮಾಡಿದಾಗ ಮಾತ್ರ ಬಂದರೆ ಮೌಂಟ್ ನೋಡಿ.

ಎರಡನೆಯದು ಬ್ರೇಕ್ ಪ್ಯಾಡ್. ದಿಕ್ಕು ಬದಲಾದ ಮೇಲಿನ ಮೊದಲ ಬ್ರೇಕಿಗೆ ಪ್ಯಾಡ್ ತನ್ನ ಜಾಗದಲ್ಲಿ ಸ್ವಲ್ಪ ಸರಿಯುತ್ತದೆ, 'ಟಿಕ್' ಎನ್ನುತ್ತದೆ. ಸಣ್ಣ, ತೆಳುವಾದ ಸದ್ದು. ಬುಷ್‌ನದು ಕಾಲಿಗೆ ತಗಲುವ ಸದ್ದು. ಕಾರಿನ ನೆಲದ ಮೇಲೆ ಇಟ್ಟ ಪಾದಕ್ಕೆ ಅದು ಗೊತ್ತಾಗುತ್ತದೆ.

ಇನ್ನೊಬ್ಬರು ಕಾರು ಓಡಿಸುವಂತಿದ್ದರೆ ನೀವು ದೂರದಿಂದ, ಪಕ್ಕದಲ್ಲಿ ನಿಂತು, ಮುಂದಿನ ಚಕ್ರದ ವೀಡಿಯೊ ತೆಗೆಯಿರಿ. ನಿಧಾನಗತಿಯಲ್ಲಿ ನೋಡಿದರೆ ಬ್ರೇಕ್ ಹಾಕಿದಾಗ ಚಕ್ರ ಫೆಂಡರ್ ಕಮಾನಿನೊಳಗೆ ಹಿಂದಕ್ಕೆ ಸರಿಯುವುದು ಕಾಣುತ್ತದೆ. ಕೂದಲೆಳೆಯಷ್ಟು ಸರಿಯುವುದು ಸಹಜ. ಕಣ್ಣಿಗೆ ರಾಚುವಷ್ಟು ಸರಿದರೆ ಬುಷ್ ಮುಗಿದಿದೆ.

ಜಾಕ್ ಹಾಕಿ ನೋಡುವಾಗ

ಮೊದಲು ಜೀವದ ವಿಷಯ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಎತ್ತಿದ ಕಾರನ್ನು ಹೊರುವ ಸ್ಟ್ಯಾಂಡ್ ಇಲ್ಲ ಅಂದರೆ ಈ ಭಾಗವನ್ನು ಗ್ಯಾರೇಜಿಗೆ ಬಿಡಿ. ಇಟ್ಟಿಗೆ, ಹಾಲೊ ಬ್ಲಾಕ್ ಸ್ಟ್ಯಾಂಡ್ ಅಲ್ಲ. ಹಾಲೊ ಬ್ಲಾಕ್ ಮುನ್ಸೂಚನೆ ಕೊಡದೆ ಒಡೆಯುತ್ತದೆ.

ಚಕ್ರ ಎತ್ತಿದ ಮೇಲೆ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಇದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್. ಎಡಬಲಕ್ಕೆ ಕೈಯಿಟ್ಟು ಅಲ್ಲಾಡಿಸಿದಾಗ ಆಟ ಇದ್ದರೆ ಟೈ ರಾಡ್ ಎಂಡ್ (ಸ್ಟೇರಿಂಗ್‌ನಿಂದ ಚಕ್ರಕ್ಕೆ ಹೋಗುವ ಕಡ್ಡಿಯ ತುದಿ) ಅಥವಾ ಸ್ಟೇರಿಂಗ್ ರ‍್ಯಾಕ್ ಕಡೆ. ಮ್ಯಾಕ್‌ಫರ್ಸನ್ ಜೋಡಣೆಯಲ್ಲಿ ಕೆಳಗಿನ ಬಾಲ್ ಜಾಯಿಂಟ್ ಮೇಲೆ ಕಾರಿನ ಭಾರ ಕೂರುವುದಿಲ್ಲವಾದ್ದರಿಂದ ಚಕ್ರ ನೇತಾಡುತ್ತಿರುವಾಗಲೇ ಹೀಗೆ ನೋಡಬಹುದು.

ಬುಷ್‌ಗೆ ಉದ್ದ ಕಬ್ಬಿಣದ ಸಲಾಕೆ ಬೇಕು. ಸಬ್‌ಫ್ರೇಮ್‌ಗೂ ಆರ್ಮ್‌ಗೂ ನಡುವೆ ಇಟ್ಟು ಹಿಂದೆ ಮುಂದೆ ಮೀಟಿ. ರಬ್ಬರ್ ಸ್ವಲ್ಪ ಬಗ್ಗಿ ಮೆಲ್ಲಗೆ ವಾಪಸ್ ಬಂದರೆ ಸರಿಯಾಗಿದೆ. ಸಲೀಸಾಗಿ ಓಡಿ ಲೋಹಕ್ಕೆ ಲೋಹ ತಗಲಿದರೆ, ಅಥವಾ ಮೀಟಿದಾಗ ರಬ್ಬರ್ ಮತ್ತು ಕೊಳವೆಯ ನಡುವೆ ಬಾಯಿ ತೆರೆದರೆ ಹೋಗಿದೆ. ರಬ್ಬರನ್ನೇ ಚುಚ್ಚಿ ಮೀಟಬೇಡಿ. ಸರಿಯಿದ್ದ ಬುಷ್ ಕೂಡ ಹಾಗೆ ಹಾಳಾಗುತ್ತದೆ.

ಹರಿದ ರಬ್ಬರ್ ಏನು ಹೇಳುತ್ತದೆ

ಬುಷ್ ಹೋಗಿದೆ ಎಂದು ಗೊತ್ತಾದರೆ ಕೆಲಸ ಅರ್ಧ ಮುಗಿಯಿತು. ಯಾಕೆ ಹೋಯಿತು ಎಂದು ನೋಡದೆ ಹೊಸದು ಹಾಕಿದರೆ ಅದೂ ಹೋಗುತ್ತದೆ. ನನಗೆ ಆದದ್ದು ಇದೇ. ಹಳೆಯ ಬುಷ್ ಎಸೆಯುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ, ಬೆಳಕಿನಲ್ಲಿ ನೋಡಿ.

ಮೇಲ್ಮೈ ಮೇಲೆ ಮಾತ್ರ ಕೆರೆಯ ಒಣಮಣ್ಣಿನಂತೆ ಸಣ್ಣ ಬಿರುಕುಗಳಿದ್ದರೆ ಅದು ವಯಸ್ಸು. ಗಾಳಿ, ಓಜೋನ್, ಇಂಜಿನ್ ಶಾಖ. ಅಷ್ಟಕ್ಕೇ ಬುಷ್ ಬದಲಿಸಬೇಕಿಲ್ಲ. ಬಿರುಕು ಆಳಕ್ಕೆ ಇಳಿದಿದೆಯಾ, ರಬ್ಬರ್ ಉಕ್ಕಿನಿಂದ ಬಿಟ್ಟುಕೊಂಡಿದೆಯಾ ಎನ್ನುವುದು ಮುಖ್ಯ.

ರಬ್ಬರ್ ಉಬ್ಬಿ, ಮೆತ್ತಗಾಗಿ, ಬೆರಳಿಗೆ ಅಂಟುವಂತಿದ್ದರೆ ಎಣ್ಣೆ. ಮೇಲಿನಿಂದ ಇಂಜಿನ್ ಆಯಿಲ್ ಸೋರುತ್ತಿದೆಯಾ, ಡ್ರೈವ್ ಶಾಫ್ಟ್ ಬೂಟ್ (ಜಾಯಿಂಟ್ ಮುಚ್ಚುವ ರಬ್ಬರ್ ಮುಸುಕು) ಹರಿದು ಗ್ರೀಸ್ ಎರಚುತ್ತಿದೆಯಾ ನೋಡಿ. ಮೊದಲು ಅದನ್ನು ಸರಿಮಾಡಿ. ಇನ್ನೊಂದು ಕಾರಣ ನಮ್ಮ ಊರುಗಳಲ್ಲಿ ತುಂಬಾ ಇದೆ. ವಾಟರ್ ಸರ್ವಿಸ್ ಆದ ಮೇಲೆ ಕೆಳಭಾಗಕ್ಕೆ ಡೀಸೆಲ್ ಅಥವಾ ಹಳೆಯ ಆಯಿಲ್ ಸ್ಪ್ರೇ ಮಾಡುವ ಪದ್ಧತಿ. ತುಕ್ಕು ಹಿಡಿಯಬಾರದು ಎನ್ನುವ ಒಳ್ಳೆಯ ಉದ್ದೇಶವೇ. ಆದರೆ ಆ ಎಣ್ಣೆ ಬುಷ್‌ನ ರಬ್ಬರನ್ನು ಉಬ್ಬಿಸಿ ಕೊಳೆಸುತ್ತದೆ. ಕಾರು ತೊಳೆಯಲು ಕೊಡುವಾಗಲೇ "ಕೆಳಗೆ ಆಯಿಲ್ ಸ್ಪ್ರೇ ಬೇಡ" ಎಂದು ಹೇಳಿಬಿಡಿ.

ಬುಷ್ ಸುತ್ತ ಕಪ್ಪಾದ ದ್ರವದ ಕಲೆ ಹರಡಿದ್ದು, ಮೇಲಿನಿಂದ ಯಾವ ಸೋರಿಕೆಯೂ ಇಲ್ಲ ಅಂದರೆ ಅದು ದ್ರವ ತುಂಬಿದ ಬುಷ್ ಇರಬಹುದು. ಕೆಲವು ದೊಡ್ಡ ಕಾರುಗಳಲ್ಲಿ ಕಂಪನ ತಗ್ಗಿಸಲು ಹಾಗೆ ಮಾಡಿರುತ್ತಾರೆ. ದ್ರವ ಹೊರಬಂದ ಮೇಲೆ ಅದಕ್ಕೆ ರಿಪೇರಿ ಇಲ್ಲ.

ಒಂದು ಕಡೆ ಮಾತ್ರ ಹರಿದಿದ್ದು, ಆ ಕಡೆಯ ಟಯರ್ ಸವೆತವೂ ಬೇರೆಯಾಗಿದ್ದರೆ ಗುಂಡಿಯ ಹೊಡೆತವನ್ನು ನೆನಪು ಮಾಡಿಕೊಳ್ಳಿ. ಶೀಟ್ ಒತ್ತಿ ಮಾಡಿದ ಉಕ್ಕಿನ ಆರ್ಮ್ ಬಾಗಿರಬಹುದು. ಎರಡೂ ಆರ್ಮ್‌ಗಳನ್ನು ಬಿಚ್ಚಿ, ಒಂದನ್ನು ತಿರುಗಿಸಿ ಇನ್ನೊಂದರ ಪಕ್ಕ ಇಟ್ಟು, ಬುಷ್ ನಡುವಿನಿಂದ ಬಾಲ್ ಜಾಯಿಂಟ್ ನಡುವಿನ ತನಕ ಅಳೆಯಿರಿ. ಬಾಗಿದ ಆರ್ಮ್ ಅನ್ನು ಕಾಯಿಸಿ ನೇರ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಅಲ್ಯೂಮಿನಿಯಂ ಆರ್ಮ್ ಆದರೆ ಆ ಮಾತೇ ಬೇಡ.

ಇನ್ನು ನನ್ನ ಕಾರಿನಲ್ಲಿ ಸಿಕ್ಕ ಲಕ್ಷಣ. ಎರಡೂ ಕಡೆ ಒಂದೇ ಜಾಗದಲ್ಲಿ, ಕೊಳವೆಯ ಸುತ್ತ ಓರೆಯಾಗಿ, ತಿರುಚಿ ಹರಿದ ಗುರುತು. ಬಟ್ಟೆ ಹಿಂಡಿದಾಗ ಬೀಳುವ ಮಡಿಕೆಯ ಹಾಗೆ. ರಬ್ಬರ್ ಹೊಸದೇ, ಮೆತ್ತಗಾಗಿಲ್ಲ, ಎಣ್ಣೆ ಇಲ್ಲ. ಇದು ನೇತಾಡುವ ಚಕ್ರದಲ್ಲಿ ಬೋಲ್ಟ್ ಬಿಗಿದಾಗ ಬರುವ ಹರುಕು.

ಲೆಕ್ಕ ಹಾಕಿ ನೋಡಿದೆ. ನನ್ನ ಕಾರಿನ ಆರ್ಮ್ ಸುಮಾರು 35 ಸೆಂಟಿಮೀಟರ್ ಉದ್ದ. ಕಾರನ್ನು ಲಿಫ್ಟ್ ಮೇಲೆ ಎತ್ತಿದಾಗ ಚಕ್ರ 9 ಸೆಂ.ಮೀ. ಕೆಳಗೆ ಜೋತು ಬೀಳುತ್ತದೆ. ಅಂದರೆ ಆರ್ಮ್ 15 ಡಿಗ್ರಿಯಷ್ಟು ಕೆಳಗೆ ಬಾಗುತ್ತದೆ. ಆ ಸ್ಥಿತಿಯಲ್ಲಿ ಬೋಲ್ಟ್ ಬಿಗಿದರೆ ರಬ್ಬರ್ ಅದನ್ನೇ ತನ್ನ ವಿಶ್ರಾಂತಿ ಎಂದು ಹಿಡಿದುಕೊಳ್ಳುತ್ತದೆ. ಕಾರು ನೆಲಕ್ಕೆ ಇಳಿದ ಕೂಡಲೇ 15 ಡಿಗ್ರಿ ತಿರುಚಿಕೊಳ್ಳುತ್ತದೆ. ಮನೆ ಮುಂದೆ ನಿಂತಿದ್ದಾಗಲೂ, ರಾತ್ರಿ ಹಗಲೂ ಹಾಗೇ ತಿರುಚಿಕೊಂಡೇ ಇರುತ್ತದೆ. ಹಂಪ್ ಬಂದಾಗ ಅದರ ಮೇಲೆ ಇನ್ನಷ್ಟು. ಯಾವ ಕಂಪನಿಯ ರಬ್ಬರ್ ಆದರೂ ಎಷ್ಟು ದಿನ ತಡೆದೀತು?

ಅನುಮಾನ ಖಾತ್ರಿ ಮಾಡಿಕೊಳ್ಳಲು ಒಂದು ದಾರಿ ಇದೆ. ಕಾರನ್ನು ಕೆಳಗೆ ಇಳಿದು ನೋಡಲು ಗುಂಡಿ ಇರುವ ರ‍್ಯಾಂಪ್ ಮೇಲೆ, ನಾಲ್ಕೂ ಚಕ್ರದ ಮೇಲೆ ಭಾರ ಇರುವಂತೆ ನಿಲ್ಲಿಸಿ. ಬುಷ್‌ನ ಒಳ ಕೊಳವೆಯ ತುದಿ ಮತ್ತು ಬ್ರಾಕೆಟ್ ಎರಡಕ್ಕೂ ಸೇರಿ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಈಗ ಬೋಲ್ಟ್ ಸಡಿಲಿಸಿ. ಪೂರ್ತಿ ಬಿಚ್ಚಬೇಡಿ, ಹಿಡಿತ ತಪ್ಪುವಷ್ಟು ಸಾಕು. ಗೆರೆ ಹಾಗೇ ಉಳಿದರೆ ಸರಿಯಾಗಿ ಬಿಗಿದಿದ್ದಾರೆ. ಕೊಳವೆ ತಿರುಗಿ ಗೆರೆ ಮುರಿದರೆ ರಬ್ಬರ್ ತಿರುಚಿಕೊಂಡಿತ್ತು ಎಂದರ್ಥ. ನನ್ನ ಕಾರಿನಲ್ಲಿ ಕಡಿಮೆ ಹರಿದಿದ್ದ ಬಲಗಡೆ ಈ ಪರೀಕ್ಷೆ ಮಾಡಿದೆ. ಗಡಿಯಾರದ ನಿಮಿಷದ ಮುಳ್ಳು ಎರಡು ನಿಮಿಷ ಸರಿದಷ್ಟು ಕೊಳವೆ ತಿರುಗಿತು. ಆಮೇಲೆ ಒಂದು ವಿಷಯ ನೆನಪಾಯಿತು. ಆರ್ಮ್ ಹೊಸದು ಹಾಕಿದ ದಿನ ಕಾರಿನ ಮುಂಭಾಗ ಮೊದಲಿಗಿಂತ ಸ್ವಲ್ಪ ಎತ್ತರ ಕಂಡಿತ್ತು. ತಿರುಚಿದ ರಬ್ಬರ್ ಇನ್ನೊಂದು ಸ್ಪ್ರಿಂಗ್ ಹಾಗೆ ಕಾರನ್ನು ಮೇಲಕ್ಕೆ ತಳ್ಳುತ್ತಿತ್ತು. ನಾನು ಅದನ್ನು ಹೊಸ ಸಾಮಾನಿನ ಗಟ್ಟಿತನ ಎಂದು ಖುಷಿಪಟ್ಟಿದ್ದೆ.

ಕೂರಿಸುವಾಗ

ಬಿಚ್ಚುವ ಮೊದಲು, ಕಾರು ನೆಲದ ಮೇಲೆ ಇರುವಾಗಲೇ, ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನ ತನಕ ಅಳತೆ ತೆಗೆದು ಬರೆದಿಡಿ. ನನ್ನದು ಎಡಗಡೆ 36.5 ಸೆಂ.ಮೀ., ಬಲಗಡೆ 36.8. ಮುಂದಿನ ಎಲ್ಲ ಕೆಲಸ ಈ ಅಳತೆಯ ಮೇಲೆ ನಿಂತಿದೆ.

ಕರಾವಳಿಯಲ್ಲಿ ಓಡುವ ಕಾರಾದರೆ ಬೋಲ್ಟ್ ಒಳ ಕೊಳವೆಗೆ ತುಕ್ಕಿನಿಂದ ಕಚ್ಚಿಕೊಂಡಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ದ್ರಾವಣ ಹಾಕಿಡಿ. ತಿರುಗುತ್ತದೆ, ಆದರೆ ಹೊರಗೆ ಬರುವುದಿಲ್ಲ ಎಂದರೆ ಬೋಲ್ಟ್ ಜೊತೆ ಕೊಳವೆಯೂ ತಿರುಗುತ್ತಿದೆ. ಹೊಡೆದು ಹೊಡೆದು ಸಬ್‌ಫ್ರೇಮ್ ಬ್ರಾಕೆಟ್ ಬಗ್ಗಿಸುವುದಕ್ಕಿಂತ ಕತ್ತರಿಸಿ ತೆಗೆಯುವುದು ಮೇಲು. ಹೊಸ ಬೋಲ್ಟ್‌ಗಳನ್ನು ಮೊದಲೇ ತಂದಿಟ್ಟುಕೊಳ್ಳಿ. ಅದೇ ಗ್ರೇಡಿನದು ಇರಬೇಕು.

ಬಾಲ್ ಜಾಯಿಂಟ್ ಬಿಚ್ಚಿದ ಮೇಲೆ ಸ್ಟ್ರಟ್ ಅನ್ನು ಹೊರಕ್ಕೆ ಎಳೆದಾಡಬೇಡಿ. ಡ್ರೈವ್ ಶಾಫ್ಟ್‌ನ ಒಳ ಜಾಯಿಂಟ್ ಕಳಚಿಕೊಳ್ಳಬಹುದು. ವಾಪಸ್ ಹಾಕುವಾಗ ಬಾಲ್ ಜಾಯಿಂಟ್ ಕಡ್ಡಿಯ ತೋಡಿಗೆ, ಅದನ್ನು ಕಚ್ಚಿ ಹಿಡಿಯುವ ಪಿಂಚ್ ಬೋಲ್ಟ್ ಸರಿಯಾಗಿ ಕೂರಬೇಕು. ಬೋಲ್ಟ್ ಕೈಯಲ್ಲೇ ಒಳಗೆ ಹೋಗದಿದ್ದರೆ ಕಡ್ಡಿ ಪೂರ್ತಿ ಮೇಲೆ ಹೋಗಿಲ್ಲ ಎಂದರ್ಥ. ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ.

ಬುಷ್ ಮಾತ್ರ ಬದಲಿಸುವುದಾದರೆ ಪ್ರೆಸ್ ಬೇಕೇ ಬೇಕು. ಹಳೆಯದು ಯಾವ ದಿಕ್ಕಿಗೆ ಕೂತಿತ್ತು ಎಂದು ಆರ್ಮ್ ಮೇಲೆ ಗೀಚಿ ಗುರುತು ಮಾಡಿ. ಹಿಂದಿನ ಬುಷ್‌ನ ಖಾಲಿ ಜಾಗಗಳು ಅದೇ ದಿಕ್ಕಿಗೆ ಬರಬೇಕು. ತಿರುಗಿಸಿ ಕೂರಿಸಿದರೆ ಮೆತ್ತಗಿರಬೇಕಾದ ಕಡೆ ಗಟ್ಟಿ, ಗಟ್ಟಿ ಇರಬೇಕಾದ ಕಡೆ ಮೆತ್ತಗಾಗುತ್ತದೆ. ಪ್ರೆಸ್‌ನ ಒತ್ತಡ ಹೊರಗಿನ ಬಳೆಯ ಮೇಲೆ ಮಾತ್ರ ಬೀಳಲಿ. ನಡುವಿನ ಕೊಳವೆ ಒತ್ತಿದರೆ ಅಂಟು ಬಿಡುತ್ತದೆ. ಜಾರಲು ಸೋಪಿನ ನೀರು ಸಾಕು. ಎಣ್ಣೆ ಬೇಡ.

ಬುಷ್‌ಗೆ ಕೆಲವು ನೂರು ರೂಪಾಯಿ, ಪೂರ್ತಿ ಆರ್ಮ್‌ಗೆ ಕೆಲವು ಸಾವಿರ. ಬಾಲ್ ಜಾಯಿಂಟ್ ಆರ್ಮ್‌ಗೇ ಸೇರಿಕೊಂಡಿರುವ ಕಾರಿನಲ್ಲಿ, ಅದಕ್ಕೂ ವಯಸ್ಸಾಗಿದ್ದರೆ, ಪೂರ್ತಿ ಆರ್ಮ್ ಹಾಕುವುದೇ ಸರಿ. ಲೇಬರ್ ಎರಡು ಸಲ ಕೊಡುವುದು ತಪ್ಪುತ್ತದೆ.

ಈಗ ಮುಖ್ಯ ಕೆಲಸ. ಬುಷ್‌ಗಳ ಬೋಲ್ಟ್‌ಗಳನ್ನು ಕೈಬಿಗಿ ಮಾತ್ರ ಹಾಕಿ. ಆಮೇಲೆ ಬಾಲ್ ಜಾಯಿಂಟ್ ಕೆಳಗೆ ಇನ್ನೊಂದು ಜಾಕ್ ಇಟ್ಟು, ಬರೆದಿಟ್ಟ ಅಳತೆ ಬರುವ ತನಕ ಮೆಲ್ಲಗೆ ಎತ್ತಿ. 36.5 ಬಂತಾ? ಅಲ್ಲಿ ನಿಲ್ಲಿಸಿ, ಟಾರ್ಕ್ ರೆಂಚ್‌ನಲ್ಲಿ ಕೊನೆಯ ಬಿಗಿ ಕೊಡಿ. ಎಷ್ಟು ನ್ಯೂಟನ್ ಮೀಟರ್ ಎನ್ನುವುದು ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಅಂದಾಜಿಗೆ ಬಿಗಿಯಬೇಡಿ. ಕಡಿಮೆಯಾದರೆ ಕೊಳವೆ ಬ್ರಾಕೆಟ್ಟಿನಲ್ಲಿ ತಿರುಗಿ ಬೋಲ್ಟ್ ತೂತನ್ನೇ ಅಗಲ ಮಾಡುತ್ತದೆ. ಇದಕ್ಕಿಂತ ಸುಲಭದ ದಾರಿ ಎಂದರೆ ಕಾರನ್ನು ಚಕ್ರದ ಮೇಲೇ ಇಳಿಸಿ, ಸ್ವಲ್ಪ ಮುಂದೆ ಹಿಂದೆ ಮೆಲ್ಲಗೆ ಉರುಳಿಸಿ, ಗುಂಡಿಯ ರ‍್ಯಾಂಪ್ ಮೇಲೆ ನಿಲ್ಲಿಸಿ ಬಿಗಿಯುವುದು.

ಗ್ಯಾರೇಜಿನಲ್ಲಿ ಮಾಡಿಸುವವರು ಕಾರು ಲಿಫ್ಟ್ ಮೇಲೆ ಇರುವಾಗಲೇ ಹೇಳಿಬಿಡಿ: "ಕೊನೆಯ ಬಿಗಿ ಚಕ್ರದ ಮೇಲೆ ಭಾರ ಬಿದ್ದ ಮೇಲೆ ಕೊಡಿ." ಹತ್ತು ನಿಮಿಷ ಜಾಸ್ತಿ ಆಗುತ್ತದೆ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಅಪ್‌ಗ್ರೇಡ್ ಬೇಕಾ?

ಎರಡು ಸಲ ಹೋದ ಮೇಲೆ ನನಗೂ ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ (ಪಾಲಿ) ಬುಷ್ ಹಾಕುವ ಆಸೆ ಬಂದಿತ್ತು. ಕಾರಣ ಗೊತ್ತಾದ ಮೇಲೆ ಆಸೆ ತಗ್ಗಿತು. ತಪ್ಪು ಬಿಗಿತದಿಂದ ಹರಿಯುತ್ತಿದ್ದ ಬುಷ್‌ಗೆ ಗಟ್ಟಿ ಸಾಮಾನು ಉತ್ತರ ಅಲ್ಲ.

ರಬ್ಬರ್ ಬುಷ್‌ನ ಗಡಸುತನ ಸಾಮಾನ್ಯವಾಗಿ ಶೋರ್ ಎ ಮಾಪಕದಲ್ಲಿ 50ರಿಂದ 65. ಪಾಲಿ ಬುಷ್ 80ರಿಂದ 95ರ ತನಕ ಇರುತ್ತದೆ. ಸ್ಟೇರಿಂಗ್ ಚುರುಕಾಗುತ್ತದೆ, ಬ್ರೇಕಿನಲ್ಲಿ ಚಕ್ರ ಅಲುಗುವುದಿಲ್ಲ. ಎಣ್ಣೆಗೂ ಅಷ್ಟು ಬೇಗ ಕರಗುವುದಿಲ್ಲ. ಪಾಲಿ ಕೊಳವೆಗೆ ಅಂಟಿರುವುದಿಲ್ಲ, ಅದರ ಮೇಲೆ ಜಾರಿ ತಿರುಗುತ್ತದೆ. ಹಾಗಾಗಿ ತಿರುಚುವ ಸಮಸ್ಯೆಯೂ ಇಲ್ಲ. ಆದರೆ ಜಾರಬೇಕಾದರೆ ಸಿಲಿಕೋನ್ ಗ್ರೀಸ್ ಬೇಕು. ನಮ್ಮ ಧೂಳು, ಮಳೆಗೆ ಆ ಗ್ರೀಸ್ ತೊಳೆದು ಹೋದ ಮೇಲೆ ಕಿರುಗುಟ್ಟಲು ಶುರು.

ಸ್ನೇಹಿತರೊಬ್ಬರ ಕಾರಿನಲ್ಲಿ ನಾಲ್ಕೂ ಬುಷ್ ಪಾಲಿ. ಘಾಟಿಯ ತಿರುವಿನಲ್ಲಿ ಅದು ಹಿಡಿದು ಹೋಗುವ ರೀತಿ ನಿಜಕ್ಕೂ ಚೆಂದ. ಅದೇ ಕಾರು ಗುಂಡಿಯ ರಸ್ತೆಗೆ ಬಂದಾಗ ಪ್ರತಿ ಕಲ್ಲೂ ಸ್ಟೇರಿಂಗ್‌ಗೆ ಬಡಿಯುತ್ತದೆ. ಹಿಂದಿನ ಮೆತ್ತನೆಯ ಬುಷ್ ನುಂಗುತ್ತಿದ್ದ ಹೊಡೆತ ಈಗ ಸಬ್‌ಫ್ರೇಮ್‌ಗೆ, ಬಾಲ್ ಜಾಯಿಂಟ್‌ಗೆ ಹೋಗುತ್ತದೆ. ಕೆಲವು ಕಾರುಗಳಲ್ಲಿ ಹಿಂದಿನ ಬುಷ್‌ನ ಬೋಲ್ಟ್ ಮಲಗಿರುವುದಿಲ್ಲ, ನೆಟ್ಟಗೆ ನಿಂತಿರುತ್ತದೆ. ಅಲ್ಲಿ ಆರ್ಮ್ ಮೇಲೆ ಕೆಳಗೆ ಆಡಿದಾಗ ಬುಷ್ ತಿರುಗುವ ಬದಲು ಓರೆಯಾಗಬೇಕು. ರಬ್ಬರ್ ಓರೆಯಾಗಲು ಒಪ್ಪುತ್ತದೆ, ಗಟ್ಟಿ ಪಾಲಿ ಒಪ್ಪುವುದಿಲ್ಲ. ಸಸ್ಪೆನ್ಷನ್ ಬಿಗಿದು ಹಿಡಿದ ಹಾಗಾಗುತ್ತದೆ. ಅಂಥ ಕಾರಿಗೆ ಹಿಂದಿನ ಬುಷ್ ಪಾಲಿ ಹಾಕಬೇಡಿ ಎಂದು ಗಟ್ಟಿಯಾಗಿಯೇ ಹೇಳುತ್ತೇನೆ.

ನಮ್ಮ ರಸ್ತೆಗೆ ನನ್ನ ಆಯ್ಕೆ ಇದು: ಮುಂದಿನ ಬುಷ್ ಬೇಕಾದರೆ ಸ್ವಲ್ಪ ಗಟ್ಟಿ ರಬ್ಬರ್, ಹಿಂದಿನದು ಕಂಪನಿ ಕೊಟ್ಟದ್ದೇ. ಕೆಲವು ಕಾರುಗಳಲ್ಲಿ ಅದೇ ಮಾದರಿಯ ಭಾರದ ಡೀಸೆಲ್ ಆವೃತ್ತಿಯ ಆರ್ಮ್ ಬೇರೆ ಇರುತ್ತದೆ, ಅಳತೆ ಹೊಂದಿದರೆ ಅದೂ ಒಳ್ಳೆಯ ಅಪ್‌ಗ್ರೇಡ್. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕೊಳ್ಳುವಾಗ ಹಳೆಯ ಆರ್ಮ್ ಕೈಯಲ್ಲಿ ಹಿಡಿದುಕೊಂಡು ಹೋಗಿ. ತೂಗಿ ನೋಡಿ, ಬೆಸುಗೆ ನೋಡಿ, ಪಾರ್ಟ್ ನಂಬರ್ ನೋಡಿ. ತೀರಾ ಹಗುರವಾಗಿದ್ದರೆ ಬಿಟ್ಟುಬನ್ನಿ. ಎರಡೂ ಕಡೆ ಒಂದೇ ಥರದ್ದು ಇರಬೇಕು. ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ ಹಾಕಿದರೆ ಬ್ರೇಕಿನಲ್ಲಿ ಕಾರು ಎಳೆಯುತ್ತದೆ.

ಹಾಕಿದ ಮೇಲೆ

ಒಂದೆರಡು ದಿನ ಓಡಿಸಿ ಎಲ್ಲ ಕೂತುಕೊಂಡ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಎಡಬಲದ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ವಾಲಿರುವ ಕೋನ) ನಡುವೆ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಟೋ, ಅಂದರೆ ಚಕ್ರಗಳು ಒಳಕ್ಕೆ ಹೊರಕ್ಕೆ ತಿರುಗಿರುವ ಅಳತೆ, ಸರಿಮಾಡಿ ಕಳಿಸಿದರೆ ಸಾಲದು. ಸಬ್‌ಫ್ರೇಮ್ ಸರಿದಿದೆಯಾ, ಸ್ಟ್ರಟ್ ಬಾಗಿದೆಯಾ ನೋಡಬೇಕು. 500 ಕಿ.ಮೀ. ಆದ ಮೇಲೆ ಬೋಲ್ಟ್‌ಗಳ ಬಿಗಿ ಇನ್ನೊಮ್ಮೆ ಪರೀಕ್ಷಿಸಿ, ಅದೂ ಚಕ್ರದ ಮೇಲೆ ಭಾರ ಇರುವಾಗಲೇ.

ನಾನು ಈ ಸಲ ಬಿಗಿದ ಮೇಲೆ ಕೊಳವೆ ಮತ್ತು ಬ್ರಾಕೆಟ್ ಸೇರಿಸಿ ಹೊಸದಾಗಿ ಬಿಳಿ ಗೆರೆ ಎಳೆದಿದ್ದೆ. ಆಮೇಲೆ 21,000 ಕಿ.ಮೀ. ಓಡಿದೆ, ಎರಡು ಮಳೆಗಾಲ ಕಳೆದಿದೆ. ಕಳೆದ ವಾರ ರ‍್ಯಾಂಪ್ ಮೇಲೆ ನಿಲ್ಲಿಸಿ ಕೆಸರು ತೊಳೆದು ನೋಡಿದೆ. ಗೆರೆ ನಾಲ್ಕೂ ಕಡೆ ಇದ್ದಲ್ಲೇ ಇದೆ. ಬಲಗಡೆ ಹಿಂದಿನ ಬುಷ್ ಮೇಲ್ಮೈಯಲ್ಲಿ ಸಣ್ಣ ಬಿರುಕು ಶುರುವಾಗಿದೆ, ಆಳಕ್ಕೆ ಇಳಿದಿಲ್ಲ. ಫೋಟೊ ತೆಗೆದಿಟ್ಟಿದ್ದೇನೆ. ಇನ್ನು 5,000 ಕಿ.ಮೀ. ಆದ ಮೇಲೆ ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು.